ಮೈಕಣ್ಣನ ಪಕ್ಷಾಂತರ, ಅಕ್ಕನ ಫೈಲು

ಪಕ್ಷದ ಕಚೇರಿಯಲ್ಲಿ ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದ ಹೆಂಗಸು ಹದಿನಾಲ್ಕು ವರ್ಷ ಒಬ್ಬನೇ ಮನುಷ್ಯನ ಬೆನ್ನು ಹತ್ತಿದ್ದಳು. ಅವನು ಎದುರು ಪಕ್ಷದ ಶಾಸಕ. ಒಮ್ಮೆ ಮೈಕ್ ಹಿಡಿದು ಮಾತು ಶುರು ಮಾಡಿದರೆ ನಿಲ್ಲಿಸುವ ಜಾಯಮಾನದವನಲ್ಲ; ಹಾಗಾಗಿ ಊರಿಗೆಲ್ಲ ಮೈಕಣ್ಣ. ಅವನು ಎಲ್ಲಿ ಏನು ಮಾತಾಡಿದರೂ ಅಕ್ಕ ಬರೆದುಕೊಂಡು, ದಿನಾಂಕ ಹಾಕಿ, ಫೈಲಿಗೆ ಸೇರಿಸುತ್ತಿದ್ದಳು. ಅವನ ಮಾತನ್ನೇ ಎತ್ತಿ ಅವನ ಮೇಲೆ ಎಸೆಯುವುದು ಅವಳ ಕೆಲಸ. ಫೈಲು ಈಗ ತಲೆದಿಂಬಿನಷ್ಟು ದಪ್ಪವಾಗಿತ್ತು.

ಸೋಮವಾರ ಬೆಳಿಗ್ಗೆ ಅಧ್ಯಕ್ಷರು ಮುಖವೆಲ್ಲ ನಗು ಮಾಡಿಕೊಂಡು ಒಳಗೆ ಬಂದರು.

“ಅಕ್ಕ, ಮೈಕಣ್ಣ ನಮ್ಮ ಪಕ್ಷಕ್ಕೆ ಬರ್ತಿದ್ದಾರೆ! ನಾಡಿದ್ದು ಸಭೆ. ಸ್ವಾಗತ ಭಾಷಣ ನೀವೇ ಬರ್ಕೊಡಿ. ಅವರ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

“ನನಗೆ ಗೊತ್ತಿರೋದನ್ನ ಬರೆದ್ರೆ ಅವರು ವಾಪಸ್ ಹೋಗ್ತಾರೆ ಸರ್.”

“ಅದಕ್ಕೇ ಮೊದಲು ಆ ಫೈಲು ಸುಟ್ಟು ಹಾಕಿ.”

ಅಕ್ಕ ಫೈಲನ್ನು ಎದೆಗೆ ಅವಚಿಕೊಂಡಳು. ಅಧ್ಯಕ್ಷರು ಆಚೆ ಹೋಗುತ್ತಲೇ ಫೋನ್ ಬಂತು. ಎದುರು ಪಕ್ಷದ ಮೇಷ್ಟ್ರು. ನಿವೃತ್ತರಾದ ಮೇಲೆ ಮೈಕಣ್ಣನ ಪರವಾಗಿ ನಿಂತು, ಅಕ್ಕನ ಒಂದೊಂದು ಹೇಳಿಕೆಗೂ ಪತ್ರಿಕೆಯಲ್ಲಿ ಉತ್ತರ ಕೊಟ್ಟವರು.

“ಒಂದು ಉಪಕಾರ ಆಗ್ಬೇಕಿತ್ತಮ್ಮ. ಇನ್ಮೇಲೆ ನಾನು ಅವರನ್ನ ಬೈಬೇಕು. ನನ್ನ ಹತ್ರ ಇರೋದೆಲ್ಲ ಬರೀ ಹೊಗಳಿಕೆ.”

“ನಾನು ಹೊಗಳ್ಬೇಕು ಮೇಷ್ಟ್ರೇ. ನನ್ನ ಹತ್ರ ಅಂಥದ್ದು ಒಂದು ಸಾಲೂ ಇಲ್ಲ.”

ಇಬ್ಬರೂ ಒಟ್ಟಿಗೇ ನಕ್ಕರು. ಮಧ್ಯಾಹ್ನ ಬಸ್ ನಿಲ್ದಾಣದ ಜೆರಾಕ್ಸ್ ಅಂಗಡಿಯಲ್ಲಿ ಸೇರಿ ಒಬ್ಬರ ಫೈಲಿನ ನಕಲು ಇನ್ನೊಬ್ಬರು ತೆಗೆಸಿಕೊಂಡರು. ಮೇಷ್ಟ್ರದು ತೆಳ್ಳಗಿತ್ತು.

“ಇಷ್ಟೇನಾ?”

“ಇದರಲ್ಲೂ ಅರ್ಧ ನಾನೇ ಕಟ್ಟಿದ್ದು,” ಎಂದು ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಹೋಗ್ಲಿ ಬಿಡಿ. ಆದ್ರೆ ಅವರು ನನಗೊಂದು ಮಾತು ಹೇಳಿ ಹೋಗ್ಬಹುದಿತ್ತು. ಟೀವಿ ನೋಡಿ ತಿಳ್ಕೊಂಡೆ.”

ಮರುದಿನ ಮೈಕಣ್ಣ ಹೊಸ ಕಚೇರಿ ನೋಡಲು ಬಂದ. ಮೇಜಿನ ಮೇಲೆ ತನ್ನ ಹೆಸರಿನ ಫೈಲು ಕಂಡು ಬಿಚ್ಚಿಯೇಬಿಟ್ಟ.

“ಇದು ನಾನು ಹೇಳಿದ್ದಾ?”

“ದಿನಾಂಕ ಇದೆ ಸರ್.”

ಒಂದು ಗಂಟೆ ಓದಿದ. ಕೆಲವು ಕಡೆ ನಕ್ಕ. ಕೆಲವು ಕಡೆ ಕಿವಿ ಕೆಂಪಾಯಿತು.

“ಹೊಳೆಗೆ ಕಾಲುಸೇತುವೆ ಮಾಡಿಸ್ತೀನಿ ಅಂತ ಆರು ಸಲ ಹೇಳಿದ್ದೀನಾ?”

“ಏಳು. ಒಂದು ಸಲ ನನಗೆ ಜ್ವರ, ಬರ್ಕೊಳ್ಳೋಕಾಗ್ಲಿಲ್ಲ.”

ಮೈಕಣ್ಣ ಫೈಲು ಮುಚ್ಚಿದ. “ಮನೇಲಿ ನಾನು ಬಾಯಿ ತೆಗೆದ್ರೆ ಎಲ್ಲರೂ ಎದ್ದು ಒಳಗೆ ಹೋಗ್ತಾರೆ. ಪಕ್ಷದವರು ಚಪ್ಪಾಳೆ ತಟ್ತಿದ್ರು, ಕೇಳಿಸ್ಕೊಳ್ತಿರ್ಲಿಲ್ಲ. ಪೂರ್ತಿ ಕೇಳಿದವರು ನೀವೊಬ್ರೇ ಕಣಮ್ಮ.”

ಹದಿನಾಲ್ಕು ವರ್ಷ ಬೈದವಳು ಫೈಲಿನ ದಾರ ಕಟ್ಟಿದಳು. “ಟೀ ತರಿಸ್ಲಾ ಸರ್?” ಎಂದಳು.

ಸಭೆಯ ದಿನ ಮೈಕಣ್ಣ ಎಂದಿನ ಹುಮ್ಮಸ್ಸಿನಲ್ಲೇ ಎದ್ದು ನಿಂತ. “ಬಂಧುಗಳೇ, ನಮ್ಮ ಹೊಳೆಗೆ ಒಂದು ಸೇತುವೆ...” ಎನ್ನುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಅಕ್ಕ ಅಭ್ಯಾಸಬಲದಿಂದ ಪೆನ್ನಿನ ಮುಚ್ಚಳ ತೆಗೆದಳು. ಕೊನೆಯ ಸಾಲಿನಲ್ಲಿ ಮೇಷ್ಟ್ರು ಹೊಸ ನೋಟ್‌ಬುಕ್ಕು ಬಿಚ್ಚಿದರು. ಮೈಕಣ್ಣ ಇಬ್ಬರನ್ನೂ ನೋಡಿ ತಡವರಿಸಿದ.

“ಸೇತುವೆ ವಿಷಯ ಏಳು ಸಲ ಹೇಳಿದ್ದೀನಿ. ಇನ್ನು ಮಾಡಿಸಿದ ಮೇಲೇ ಹೇಳ್ತೀನಿ,” ಎಂದು ಕೂತೇಬಿಟ್ಟ.

ಗಂಟೆಗಟ್ಟಲೆ ಮಾತಾಡುವವನೆಂದು ಕರೆತಂದ ಅಧ್ಯಕ್ಷರ ಮುಖ ಹುಳ್ಳಗಾಯಿತು. ಹಳೆಯ ಪಕ್ಷದವರು, ನಮ್ಮಲ್ಲಿದ್ದಾಗ ಹೀಗೆ ಯಾಕೆ ಮಾಡಲಿಲ್ಲ ಎಂದು ಗೊಣಗಿದರು.

ಮಾತು ಮುಗಿದಿದ್ದರಿಂದಲೋ ಏನೋ ಮೈಕಣ್ಣನಿಗೆ ಕಚೇರಿ ಕಚೇರಿ ಅಲೆಯಲು ಪುರುಸೊತ್ತು ಸಿಕ್ಕಿತು. ಎರಡು ವರ್ಷದಲ್ಲಿ ಸೇತುವೆ ಎದ್ದಿತು. ನಮ್ಮ ಪಕ್ಷದಲ್ಲಿದ್ದಾಗಲೇ ಯೋಚಿಸಿದ್ದು ಎಂದು ಮೇಷ್ಟ್ರು ಬರೆದರು. ನಮ್ಮಲ್ಲಿಗೆ ಬಂದ ಮೇಲೇ ಆದದ್ದು ಎಂದು ಅಕ್ಕ ಬರೆದಳು. ಪತ್ರಿಕೆಗೆ ಕಳಿಸುವ ಮೊದಲು ಇಬ್ಬರೂ ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕೂತು ಒಬ್ಬರದನ್ನು ಇನ್ನೊಬ್ಬರು ಓದಿದರು. ಮೇಷ್ಟ್ರು ಅಕ್ಕನ ಎರಡು ಕಾಗುಣಿತದ ತಪ್ಪು ತಿದ್ದಿಕೊಟ್ಟರು.