ಹೆದರಿಕೆಗೂ ಎರಡು ತುತ್ತು

ಬಿಸಿ ಕುಸುಬಿ ಎಣ್ಣೆಯಲ್ಲಿ ಅಜವಾನದ ಕಾಳು ಸಿಡಿದಾಗ ಏಳುವ ವಾಸನೆ ನನಗೆ ಇಂದಿಗೂ ಹೆದರಿಕೆಯ ವಾಸನೆಯೇ. ಚಿಕ್ಕವಳಿದ್ದಾಗ ಪರೀಕ್ಷೆ ಬಂದರೆ, ಶಾಲೆಗೆ ಇನ್‌ಸ್ಪೆಕ್ಟರ್ ಬಂದರೆ ನನ್ನ ಹೊಟ್ಟೆ ಕಲಕುತ್ತಿತ್ತು. ಅವ್ವ ಇಲ್ಲದ ಮನೆ ನಮ್ಮದು. ಅಪ್ಪನ ತಾಯಿ ಶೇಖರಮ್ಮ, ನಮ್ಮ ಆಯಿ, ಆ ಎಣ್ಣೆಯನ್ನು ಅಂಗೈಗೆ ಹಚ್ಚಿಕೊಂಡು ನನ್ನ ಹೊಕ್ಕುಳ ಸುತ್ತ ತಿಕ್ಕುತ್ತಿದ್ದಳು. ಯಾಕೆ ಹೆದರಿದಿ ಎಂದು ಒಮ್ಮೆಯೂ ಕೇಳಲಿಲ್ಲ.

ಕುಷ್ಟಗಿಯಲ್ಲಿ ಸ್ವಾತಂತ್ರ್ಯ ದಿನಕ್ಕೆ ಹುಡುಗಿಯರಿಗೂ ದೂರದ ಓಟ ಇಡಲು ಶುರುಮಾಡಿದ್ದು ೧೯೭೬ರಲ್ಲಿ. ತಹಸೀಲ್ ಕಚೇರಿಯ ಬಯಲಿನಿಂದ ಹೊರಟು, ಹನುಮಸಾಗರದ ರಸ್ತೆ ಹಿಡಿದು ಮೂರು ಮೈಲಿ ಹೋಗಿ, ಅದೇ ದಾರಿಯಲ್ಲಿ ಮರಳಬೇಕು. ಆ ವರ್ಷ ಹಿಂದಿನ ದಿನದಿಂದಲೇ ನನ್ನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಅರ್ಧ ದಾರಿಯಲ್ಲಿ ಕಣ್ಣು ಕತ್ತಲಿಟ್ಟು ಒಂದು ಬೇವಿನ ಮರದ ಕೆಳಗೆ ಕುಳಿತುಬಿಟ್ಟೆ. ಅಪ್ಪ ಅಂದಪ್ಪ ಕಿರಾಣಿ ಅಂಗಡಿ ಮುಚ್ಚಿ ಬಂದು, ಸೈಕಲ್ಲಿನ ಕ್ಯಾರಿಯರ್ ಮೇಲೆ ನನ್ನನ್ನು ಕೂರಿಸಿಕೊಂಡು ಪೇಟೆಯ ನಡುವೆಯೇ ಮನೆಗೆ ಕರೆತಂದ. ಪೇಟೆಯ ಹುಡುಗರು ವರ್ಷವಿಡೀ ನನ್ನನ್ನು 'ಕುಂದ್ರೂ ಹುಡುಗಿ' ಎಂದೇ ಕರೆದರು.

ಮರುವರ್ಷ ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಮೊದಲ ಮೂವರನ್ನು ರಾಯಚೂರಿನ ಶಿಬಿರಕ್ಕೆ ಕಳಿಸುತ್ತಾರೆ, ಅಲ್ಲಿ ಚೆನ್ನಾಗಿ ಓಡಿದರೆ ದೈಹಿಕ ಶಿಕ್ಷಣದ ತರಬೇತಿಗೆ ಸೀಟು ಸಿಗುತ್ತದೆ ಎಂದು ರಜಿಯಾಬೇಗಂ ಟೀಚರ್ ಹೇಳಿದರು. ಹೈಸ್ಕೂಲಿನಲ್ಲಿ ನಮಗೆ ಆಟ ಕಲಿಸಿದವರು ಅವರೇ. ಅವರಂತೆ ಕೊರಳಲ್ಲಿ ಸೀಟಿ ಹಾಕಿಕೊಂಡು ಮೈದಾನದಲ್ಲಿ ನಿಲ್ಲಬೇಕೆಂಬುದೊಂದೇ ನನ್ನ ಆಸೆ. ಅಪ್ಪ ಒಪ್ಪಿದ, ಆದರೆ ಇದೇ ಕೊನೆಯ ಸಲ ಎಂದ.

ಆ ವರ್ಷ ಆಗಸ್ಟ್ ಹದಿನೈದು ಶ್ರಾವಣದ ಮೊದಲ ಸೋಮವಾರವೇ ಬಂದಿತ್ತು. ವಾರವಿಡೀ ಅದೇ ಹಳೆಯ ಕಲಮಲ. ಕೊನೆಗೆ ಓಣಿಯ ಈಶ್ವರನ ಗುಡಿಗೆ ಹೋಗಿ, ಸೋಮವಾರ ಹೊತ್ತು ಮುಳುಗುವ ತನಕ ನೀರೂ ಮುಟ್ಟುವುದಿಲ್ಲ, ಓಟ ಮುಗಿಸಿಕೊಡು ಎಂದು ಬೇಡಿಕೊಂಡೆ. ಮನಸ್ಸಿಗೆ ಎಷ್ಟೋ ಹಗುರವಾಯಿತು. ಹೇಗೂ ತಿನ್ನಲು ಆಗದ್ದನ್ನು ತಿನ್ನಬಾರದ್ದು ಮಾಡಿಕೊಂಡಿದ್ದೆ.

ಭಾನುವಾರ ಸಂಜೆ ಟೀಚರ್ ಬಂದರು. ನಾನು ಲಂಗ ಎತ್ತಿ ಹಿಡಿದು ಓಡುವುದನ್ನು ನೋಡಿದ್ದ ಅವರು ತಮ್ಮದೊಂದು ಸಲ್ವಾರನ್ನು ನನ್ನ ಅಳತೆಗೆ ಹೊಲಿದು ತಂದಿದ್ದರು. ಉಪವಾಸದ ಸುದ್ದಿ ಕೇಳಿ ಸಲ್ವಾರನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಎರಡು ದಿನ ಕಳೆದರೆ ಅವರಿಗೂ ರಂಜಾನ್.

"ರೋಜಾ ಹಿಡಿದಾಗ ನಾ ಸೀಟಿ ಊದತೀನಿ ಶಿವಬಸು, ಓಡಂಗಿಲ್ಲ," ಎಂದರು.

ಅಪ್ಪನಿಗೂ ಚಿಂತೆಯಾಯಿತು. ಆದರೆ ದೇವರಿಗೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದು ಹೇಗೆಂದು ಅವನಿಗೂ ತಿಳಿಯಲಿಲ್ಲ. ಒಲೆಯ ಮುಂದೆ ಕುಳಿತ ಆಯಿ ಎಲ್ಲ ಕೇಳಿಸಿಕೊಂಡಳು.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಮನೆ ತುಂಬ ಅಜವಾನದ ವಾಸನೆ. ಆಯಿ ಆಗಲೇ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ ಕುಳಿತಿದ್ದಳು. ಶಿವಬಸು ಬೇಡಿಕೊಂಡ ಉಪವಾಸ ತಾನು ಹಿಡಿದಿದ್ದೇನೆ ಎಂದು ಅಪ್ಪನಿಗೆ ಹೇಳಿದಳು. ಎರಡು ವರ್ಷದ ಹಿಂದೆ ತಲೆ ತಿರುಗಿ ಬಾವಿಕಟ್ಟೆಯ ಬಳಿ ಬಿದ್ದಾಗಿನಿಂದ ಡಾಕ್ಟರು ಅವಳಿಗೆ ಉಪವಾಸ ಬಿಡಿಸಿದ್ದರು.

"ಬೇಡಿಕೊಂಡಾಕಿ ಅಕಿ. ನೀ ಹೆಂಗ ಹಿಡೀತಿ?" ಎಂದ ಅಪ್ಪ.

"ದೇವರು ಹೊಟ್ಟಿ ಗುರ್ತ ಇಟ್ಕೊಂಡು ಕುಂತಿರ್ತಾನೇನೋ? ಈ ಮನ್ಯಾಗ ಒಂದು ಹೊಟ್ಟಿ ಖಾಲಿ ಇದ್ರ ಆತು."

ಆಯಿ ನನ್ನ ಹೊಟ್ಟೆಗೆ ಎಣ್ಣೆ ತಿಕ್ಕಿದಳು. ಹಾಲಿನಲ್ಲಿ ಜೋಳದ ರೊಟ್ಟಿ ಮುರಿದು ನೆನೆಸಿದ ಹಿತ್ತಾಳೆಯ ಬಟ್ಟಲನ್ನು ಮುಂದಿಟ್ಟಳು. ಮೊದಲ ತುತ್ತು ಗಂಟಲಲ್ಲೇ ನಿಂತಿತು. ಹೆದರಿಕೆ ಹೋಗುತ್ತಿಲ್ಲ ಆಯಿ ಎಂದು ಅತ್ತೆ.

"ಅದು ಹೋಗಂಗಿಲ್ಲವ್ವ. ನಿನ್ನ ಜೋಡಿ ಬರತೈತಿ, ಬರ್ಲಿ. ಅದಕ್ಕೂ ಎರಡು ತುತ್ತು ಹಾಕು."

ಒಂದು ತುತ್ತು ನನಗೆ, ಒಂದು ಅದಕ್ಕೆ ಎಂದುಕೊಳ್ಳುತ್ತ ತಿಂದೆ. ಅವಸರ ಮಾಡದೆ ಅವಳು ಎದುರಿಗೇ ಕುಳಿತಿದ್ದಳು. ಬಟ್ಟಲು ಬರಿದಾಯಿತು.

ಧ್ವಜ ಏರಿದ ಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಗುಂಪಿನಿಂದ ಯಾರೋ, "ಕುಂದ್ರೂ ಹುಡುಗಿ ಬಂದಾಳ, ಒಂದು ಕುರ್ಚಿ ಹಾಕ್ರಲೇ," ಎಂದರು. ಜನ ನಕ್ಕರು. ನನ್ನ ಪಕ್ಕದಲ್ಲಿ ಕನಕಗಿರಿಯ ಹುಲಗೆಮ್ಮ ಎಂಬ ಹುಡುಗಿ ನಿಂತಿದ್ದಳು, ಬರಿಗಾಲಲ್ಲಿ. ಅವಳು ನಗಲಿಲ್ಲ. ನನ್ನ ಕಡೆ ಕೈ ಚಾಚಿದಳು. ಹಿಡಿದರೆ ಆ ಕೈ ನನ್ನದಕ್ಕಿಂತ ತಣ್ಣಗಿತ್ತು. ಸೀಟಿ ಊದುವ ತನಕ ಇಬ್ಬರೂ ಬಿಡಲಿಲ್ಲ.

ಹೆದರಿಕೆ ಹೋಗಿರಲಿಲ್ಲ. ಆದರೆ ಈ ಸಲ ಅದನ್ನು ಹೊರಗೆ ದಬ್ಬುವ ಗೋಜಿಗೆ ಹೋಗಲಿಲ್ಲ. ಕಾಲಲ್ಲಿ ಕಸುವು ಇತ್ತು. ಹಿಂದಿನ ವರ್ಷ ಕುಳಿತಿದ್ದ ಬೇವಿನ ಮರ ದೂರದಿಂದ ಕಂಡಿತು. ಅದರ ಕೆಳಗೆ ಅಪ್ಪ ಸೈಕಲ್ ಹಿಡಿದು ನಿಂತಿದ್ದ. ಮತ್ತೆ ಒಯ್ಯಲು ಬಂದಿದ್ದಾನೆ ಎಂದುಕೊಂಡೆ. ಹತ್ತಿರ ಬಂದಾಗ ನೋಡಿದೆ, ಸೈಕಲ್ಲಿಗೆ ಕ್ಯಾರಿಯರ್ ಇರಲಿಲ್ಲ. ಬಿಚ್ಚಿಟ್ಟು ಬಂದಿದ್ದ. ಅವನು ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದ. ನಾನು ನಿಲ್ಲಲಿಲ್ಲ.

ಹುಲಗೆಮ್ಮ ಮೊದಲು ಬಂದಳು, ನಾನು ಮೂರನೆಯವಳು. ಟೀಚರ್ ನನ್ನ ಬೆನ್ನ ಮೇಲೆ ಕೈಯಿಟ್ಟು, ರಾಯಚೂರಿಗೆ ಆ ಸಲ್ವಾರೇ ಇರಲಿ ಎಂದರು.

ಮನೆಗೆ ಬಂದಾಗ ಆಯಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತುಟಿಗಳು ಒಣಗಿ ಬಿಳಿಚಿದ್ದವು. ಸುದ್ದಿ ಹೇಳಿದೆ. ಕೇಳಿಸಿತೆಂಬಂತೆ ನನ್ನ ಬೆರಳು ಅದುಮಿದಳು. ನೀರನ್ನಾದರೂ ಕುಡಿ ಎಂದು ಅಪ್ಪ ಎಷ್ಟು ಬೇಡಿದರೂ ಬಾಯಿ ತೆರೆಯಲಿಲ್ಲ. ಮಧ್ಯಾಹ್ನವೆಲ್ಲ ಒದ್ದೆ ಬಟ್ಟೆಯಿಂದ ಅವಳ ಅಂಗಾಲು ಒರೆಸುತ್ತ ಕುಳಿತೆ. ಓಟದುದ್ದಕ್ಕೂ ನನ್ನ ಜೊತೆಗಿದ್ದ ಹೆದರಿಕೆ ಈಗ ಅವಳ ಚಾಪೆಯ ಬಳಿ ಬಂದು ಕುಳಿತಿತ್ತು.

"ಹೊತ್ತು ಮುಳುಗೇತೇನು?" ಎಂದು ಬಹಳ ಹೊತ್ತಿನ ಮೇಲೆ ಕೇಳಿದಳು.

ಅಪ್ಪ ಅಂಗಳಕ್ಕೆ ಹೋಗಿ ನೋಡಿ ಬಂದು, ಮುಳುಗಿದೆ ಎಂದ. ನಾನು ಹಾಲು ಬಿಸಿ ಮಾಡಿದೆ. ಬೆಳಗಿನ ಬಟ್ಟಲನ್ನೇ ತೊಳೆದು, ರೊಟ್ಟಿ ಮುರಿದು ಹಾಕಿ, ಮೆತ್ತಗಾಗುವ ತನಕ ಕಾದೆ. ಅಪ್ಪ ಅವಳನ್ನು ಎಬ್ಬಿಸಿ ತನ್ನ ಎದೆಗೆ ಒರಗಿಸಿಕೊಂಡ. ಬಟ್ಟಲನ್ನು ಅವಳ ಎರಡೂ ಕೈಗಳಲ್ಲಿ ಇಟ್ಟೆ.