ಅಲುಗಬಾರದು

ಯಂತ್ರದೊಳಗಿಂದ ಕಲ್ಲೇಶನ ಎಡಗಾಲು ಮತ್ತೆ ಝಾಡಿಸಿತು. ಗಾಜಿನ ಈಚೆ ಕೂತಿದ್ದ ಜಾಕೀರ್ ಸ್ಕ್ಯಾನ್ ನಿಲ್ಲಿಸಿದ.

"ಇದೂ ಕಲಸಿಹೋತ್ರಿ ಡಾಕ್ಟ್ರ. ತಲಿ ಹೊಳ್ಳಸ್ತಾರ. ಎಷ್ಟು ಹೇಳಿದ್ರೂ ಅವರಿಗೆ ತಿಳೀವಲ್ದು."

ಡಾಕ್ಟರ್ ಸುಚಿತ್ರಾ ಪರದೆಯ ಮೇಲಿನ ಮಸುಕು ಚಿತ್ರವನ್ನು ನೋಡಿ ಹೊರಗೆ ಬಂದರು. ಬಾಗಿಲ ಬಳಿ ಕಲ್ಲೇಶನ ಹೆಂಡತಿ ನಾಗರತ್ನಾ, ತಾಯಿ ಕರಿಯವ್ವ ನಿಂತಿದ್ದರು.

ಕಲ್ಲೇಶ ಹಲಗೇರಿಯವನು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೇರುವ ಗಾಡಿ ಓಡಿಸುತ್ತಿದ್ದ. ರಾತ್ರಿ ಉಂಡು, ನಗುನಗುತ್ತ ಮಾತಾಡಿ ಮಲಗಿದವನನ್ನು ನಸುಕಿನಲ್ಲಿ ಎಬ್ಬಿಸಲು ಹೋದರೆ ಬಾಯಿ ಸೊಟ್ಟಗಾಗಿತ್ತು. ಬಲಗೈ ಯಾರದೋ ಕೈಯಂತೆ ಚಾಪೆಯ ಮೇಲೆ ಬಿದ್ದಿತ್ತು. ಮಾತು ಹೊರಡುತ್ತಿರಲಿಲ್ಲ. "ಲಕ್ವಾ ಹೊಡದೈತಿ" ಎಂದು ಕರಿಯವ್ವ ಎದೆ ಬಡಿದುಕೊಂಡಿದ್ದಳು. ರಾಣೆಬೆನ್ನೂರಿನಲ್ಲಿ ತಲೆಯ ಮೊದಲ ಸ್ಕ್ಯಾನ್ ಮಾಡಿದವರು, ರಕ್ತ ಸೋರಿಲ್ಲ, ಲಗೂ ಹಾವೇರಿಗೆ ಒಯ್ಯಿರಿ ಎಂದಿದ್ದರು. ಪಕ್ಕದ ಮನೆಯ ಸರ್ಫರಾಜ ತನ್ನ ಕಾರಿನಲ್ಲಿ ಹೆದ್ದಾರಿ ಹಿಡಿದು ಕರೆತಂದಿದ್ದ.

"ಮಿದುಳಿನ ರಕ್ತನಾಳದಾಗ ಹೆಪ್ಪು ಸಿಕ್ಕೊಂಡದ" ಎಂದರು ಡಾಕ್ಟರ್. "ಅದನ್ನ ಕರಗಸೋ ಇಂಜೆಕ್ಷನ್ ಅದ. ಆದ್ರ ಬಾಳ ಹೊತ್ತಾಗಿದ್ರ ಕೊಡಂಗಿಲ್ಲ, ರಕ್ತ ಸೋರಿ ಜೀವಕ್ಕ ಕುತ್ತಾಗ್ತದ. ನಿದ್ದ್ಯಾಗ ಆಗ್ಯದ, ಯಾವಾಗ ಆತು ಅಂತ ನಿಮಗೂ ಗೊತ್ತಿಲ್ಲ. ಅದನ್ನ ಎಂಆರ್‌ಐ ಚಿತ್ರನ ಹೇಳಬೇಕು. ಅವರು ಅಲುಗಬಾರದು."

"ನಿದ್ದಿ ಔಷಧ ಕೊಡ್ರಿ" ಎಂದಳು ಕರಿಯವ್ವ.

"ಉಸಿರಾಟಕ್ಕ ತೊಂದ್ರಿ ಆದೀತು ಅಮ್ಮಾ. ಅದಕ್ಕ ಬ್ಯಾರೆ ತಯಾರಿ ಬೇಕು. ಅಷ್ಟು ಹೊತ್ತಿಲ್ಲ."

"ನಾ ಒಳಗ ಹೋಗ್ತೇನಿ" ಎಂದಳು ನಾಗರತ್ನಾ. "ಕಾಲು ಹಿಡ್ಕೊಂಡು ನಿಂದರ್ತೇನಿ."

ಜಾಕೀರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅದು ದೊಡ್ಡ ಅಯಸ್ಕಾಂತ ರೀ ಅಕ್ಕಾರ. ತಾಳಿ, ಮೂಗುಬಟ್ಟು, ಕಾಲುಂಗುರ, ಪಿನ್ನು, ಎಲ್ಲಾ ತಗೀಬೇಕು."

"ಗಂಡ ಉಸಿರಾಡಾಕತ್ತಾನ, ತಾಳಿ ತಗೀತಿಯೇನ?" ಕರಿಯವ್ವ ಸೊಸೆಯ ಕೈ ಹಿಡಿದಳು. "ಬ್ಯಾಡ. ನಾ ಹೋಗ್ತೇನಿ."

"ನಿಮ್ಮ ಕೈ ನಡಗಾಕತ್ತಾವಲ್ರೀ ಅತ್ತಿ."

ನಾಗರತ್ನಾ ತಾಳಿಯನ್ನು ತಲೆಯ ಮೇಲಿಂದ ತೆಗೆದು ಅತ್ತೆಯತ್ತ ಚಾಚಿದಳು. ಕರಿಯವ್ವ ಕೈ ಒಡ್ಡಲಿಲ್ಲ. ನಾಗರತ್ನಾ ಅದನ್ನು ಬೆಂಚಿನ ಮೇಲಿಟ್ಟು ಮೂಗುಬಟ್ಟಿನ ತಿರುಪು ಬಿಚ್ಚಿದಳು. ಕಾಲುಂಗುರ ಮಾತ್ರ ಜಗ್ಗಲಿಲ್ಲ. ಬಿತ್ತನೆ ಬೀಜ ಬೆಳೆಯುವ ಹೊಲದಲ್ಲಿ ದಿನವಿಡೀ ನಿಂತು ದಪ್ಪಗಾದ ಬೆರಳುಗಳು. ಎಳೆದಳು, ಚರ್ಮ ಕಿತ್ತು ರಕ್ತ ಜಿನುಗಿತು. ಒಳಗಿನಿಂದ ಕಲ್ಲೇಶನ ಗಂಟಲು ಪ್ರಾಣಿಯಂತೆ ಕೂಗಿತು.

ಕರಿಯವ್ವ ಗೋಡೆಯ ಬಳಿಯ ನಲ್ಲಿಗೆ ಹೋದಳು. ಅಂಗೈ ತುಂಬ ಸಾಬೂನಿನ ನೊರೆ ಮಾಡಿಕೊಂಡು ಬಂದು ನೆಲಕ್ಕೆ ಕೂತು ಸೊಸೆಯ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಅಯ್ಯ, ನನ್ನ ಕಾಲು ಮುಟ್ಟಬ್ಯಾಡ್ರಿ ಅತ್ತಿ..."

"ಸುಮ್ಮನ ನಿಂದ್ರು. ಹಾಕ್ಸಿದಾಕಿ ನಾನ, ತಗಿಯಾಕಿನೂ ನಾನ."

ನೊರೆಯಲ್ಲಿ ತಿರುವಿ ತಿರುವಿ ಒಂದೊಂದಾಗಿ ಕಳಚಿದಳು. ಅವಳ ಕಣ್ಣೀರು ಆ ಪಾದದ ಮೇಲೆಯೇ ಬಿತ್ತು.

ಒಳಗೆ ಕೋಣೆ ಕೊರೆಯುವಷ್ಟು ತಣ್ಣಗಿತ್ತು. ಯಂತ್ರ ತಗಡು ಬಡಿದಂತೆ ಸದ್ದು ಶುರುಮಾಡಿದಾಗ ಎಡಗಾಲು ನಾಗರತ್ನಾಳ ಮಣಿಕಟ್ಟಿಗೆ ಒದೆಯಿತು. ಅವಳು ಅದುಮಿ ಹಿಡಿಯಲಿಲ್ಲ. ದೂರದ ಬಾಡಿಗೆ ಮುಗಿಸಿ ಬಂದಾಗ ಒತ್ತುತ್ತಿದ್ದಂತೆ ಹಿಮ್ಮಡಿಯನ್ನು ಹೆಬ್ಬೆರಳಿಂದ ಮೆಲ್ಲಗೆ ಒತ್ತಿದಳು. ಲಕ್ವಾ ಹೊಡೆದ ಬಲಗಾಲು ಹಾಗೇ ಬಿದ್ದಿತ್ತು. ಎಡಗಾಲು ಇನ್ನೊಮ್ಮೆ ಸೆಟೆಯಿತು, ಬೆರಳು ಮುದುಡಿದವು. ಆಮೇಲೆ ನಿಧಾನವಾಗಿ ಸಡಿಲಾದವು. ಸದ್ದು ನಿಂತಿತು, ಬೇರೆ ದನಿಯಲ್ಲಿ ಮತ್ತೆ ಹೊರಟಿತು. ಅವಳ ಸೊಂಟ ಹಿಡಿದುಕೊಂಡಿತು. ನಿಂತ ಜಾಗದಿಂದ ಕದಲಲಿಲ್ಲ.

ಡಾಕ್ಟರ್ ಪರದೆಯ ಎದುರು ನೋಡುತ್ತಿದ್ದರು. ಒಂದು ಚಿತ್ರದಲ್ಲಿ ಮಿದುಳಿನ ಎಡಕ್ಕೆ ಬಿಳಿ ಮಚ್ಚೆ. ಹೊತ್ತು ಕಳೆದ ಮೇಲಷ್ಟೇ ಮಚ್ಚೆ ತೋರಿಸುವ ಇನ್ನೊಂದರಲ್ಲಿ ಅದೇ ಜಾಗ ಇನ್ನೂ ಬೆಳ್ಳಗಾಗಿರಲಿಲ್ಲ.

"ಲಕ್ವಾ ಹೊಡದು ಬಾಳ ಹೊತ್ತಾಗಿಲ್ಲ" ಎಂದು ಅವರು ಹೊರಗೆ ಬಂದ ನಾಗರತ್ನಾಗೂ ಕರಿಯವ್ವಗೂ ತೋರಿಸಿದರು. "ಈ ಬಿಳೇ ಭಾಗ ಮತ್ತ ಸುಧಾರಿಸೋದು ಕಷ್ಟ. ಸುತ್ತಲಿಂದು ಉಳೀಬಹುದು. ಇಂಜೆಕ್ಷನ್ ಕೊಡಬಹುದು. ಆದ್ರೂ ಕೆಲವರಿಗೆ ರಕ್ತ ಸೋರ್ತದ. ನೀವು ಹೂಂ ಅನ್ನಬೇಕು."

ನಾಗರತ್ನಾ ಅತ್ತೆಯ ಮುಖ ನೋಡಿದಳು.

"ನನ್ನ ಯಾಕ ನೋಡ್ತಿ? ಹೇಳು, ನಿನ್ನ ಗಂಡ" ಎಂದಳು ಕರಿಯವ್ವ.

"ಕೊಡ್ರಿ."

ಮರುದಿನ ಕಲ್ಲೇಶನ ಬಲಗೈ ಇನ್ನೂ ಮೇಲೇಳುತ್ತಿರಲಿಲ್ಲ, ಬೆರಳು ಮಾತ್ರ ಮಡಚುತ್ತಿದ್ದವು. ತಾಯಿಯನ್ನು ನೋಡಿ "ರತ್ನಾ" ಎಂದ, ಹೆಂಡತಿಯನ್ನು ನೋಡಿ "ಯವ್ವಾ" ಎಂದ. ಇಬ್ಬರೂ ಓಗೊಟ್ಟರು.

ನುಂಗಲು ಬರುತ್ತದೆಯೋ ನೋಡಲು ನರ್ಸ್ ಅವನನ್ನು ದಿಂಬಿಗೆ ಒರಗಿಸಿ ಚಮಚದಲ್ಲಿ ನೀರು ಹಾಕಿದಳು. ಅದು ಬಲ ಕಟಬಾಯಿಂದ ಗದ್ದಕ್ಕೆ ಇಳಿಯಿತು. ನಾಗರತ್ನಾ ಸೆರಗಿನಿಂದ ಒರೆಸಿದಳು. ನರ್ಸ್ ಇನ್ನೊಂದು ಚಮಚ ಹಾಕಿ ಅವನ ಗಂಟಲ ಮೇಲೆ ಎರಡು ಬೆರಳಿಟ್ಟಳು. ನೀರು ಬಾಯಲ್ಲೇ ನಿಂತಿತು. ಕರಿಯವ್ವನ ತುಟಿಗಳು ತಾವೇ ಬಿಗಿದುಕೊಂಡವು. ನರ್ಸಿನ ಬೆರಳ ಕೆಳಗೆ ಗಂಟಲ ಗುಬಟು ಒಮ್ಮೆ ಮೇಲೆ ಸರಿದು, ಕೆಳಗಿಳಿಯಿತು.