ಗಾಜಿನಾಚೆ ನಿಂತವನ ಅಳತೆ

ಟೇಪಕ್ಕನ ಕಣ್ಣಳತೆ ಅಂದ್ರೆ ಸಾಮಾನ್ಯದ್ದಲ್ಲ ಕಣ್ರೀ. ಒಂದ್ಸಲ ಓಡೋ ಬಸ್ಸಿನ ಕಿಟಕೀಲಿ ಯಾರದೋ ಹೆಗಲು ಕಾಣ್ತು, ಅಷ್ಟಕ್ಕೇ ಷರ್ಟು ಹೊಲಿದಿಟ್ಲು. ಮೂರು ವರ್ಷ ಬಿಟ್ಟು ಆ ಮನುಷ್ಯ ಅಂಗಡಿಗೆ ಬಂದು ಹಾಕ್ಕೊಂಡು ನೋಡಿದ್ರೆ, ಗುಂಡಿಗಳು ತಾವಾಗೇ ಹಾಕ್ಕೊಂಡವು! ಸುಳ್ಳಾದ್ರೆ ನನ್ನ ನಾಲಿಗೆಗೆ ಕಾಜ ಹೊಲೀರಿ.

ಕುತ್ತಿಗೆಗೆ ಸದಾ ಟೇಪು ನೇತುಹಾಕ್ಕೊಂಡಿರೋದಕ್ಕೇ ಆ ಹೆಸರು. ಒಂದೇ ಹೊಟ್ಟೇಲಿ ಹುಟ್ಟಿದ ಮೂವರು, ದಿಕ್ಕಿಗೊಬ್ಬರು. ಅಣ್ಣ ಇರೋ ಊರಲ್ಲಿ ಚಳಿ ಎಷ್ಟಪ್ಪಾ ಅಂದ್ರೆ, ಅವನು ಫೋನಲ್ಲಿ ನಕ್ಕರೆ ನಗು ಹೆಪ್ಪುಗಟ್ಟಿ ಮಾರನೇ ದಿನ ಕೇಳಿಸುತ್ತೆ. ಕಿರಿಯವನು ಬಟಾಣಿ, ಹಡಗಲ್ಲಿ ಅಡುಗೆ ಭಟ್ಟ. ಅವನನ್ನ ಟೇಪಕ್ಕ ಎದುರಿಗೆ ನೋಡಿ ಹತ್ತೊಂಬತ್ತು ವರ್ಷ.

ಹೋದ ವಾರ ಅವನೇ ಫೋನ್ ಮಾಡ್ದ. "ಅಕ್ಕಾ, ಸುಮ್ನೆ ಅಣ್ಣನ ಮನೆಗೆ ಹೊರಟಿದೀನಿ. ನಿಮ್ಮೂರಲ್ಲಿ ವಿಮಾನ ಬದಲಿಸ್ಬೇಕು. ಹೊರಗೆ ಬರೋಕೆ ಪರ್ಮಿಷನ್ ಇಲ್ಲ. ಮೇಲಿನ ಅಂತಸ್ತಲ್ಲಿ ಗಾಜಿನ ಗೋಡೆ ಇದೆಯಂತೆ, ಅಲ್ಲಿಗೆ ಬಾ. ಮುಖ ನೋಡ್ಕೊಬಹುದು."

ಟೇಪಕ್ಕ ಕೂತಳು ಮೆಷಿನ್ನಿಗೆ. ಚಳಿ ಊರಿಗೆ ಹೋಗೋನಿಗೆ ಕೋಟು ಬೇಡ್ವಾ? ಫೋನಲ್ಲಿ ಕಾಣೋದು ಬರೀ ಮುಖ. ಕಾಣಲಿ ಬಿಡಿ, "ಮುಖ ತೋರಿಸು, ಸೊಂಟ ಹೇಳ್ತೀನಿ" ಅನ್ನೋದು ಅವಳ ಅಂಗಡಿ ಮಾತು. ಕೆನ್ನೆ ಎರಡೂ ಪೂರಿ ಥರ ಉಬ್ಬಿದ್ವು. ಸೊಂಟ ನಲವತ್ತೆರಡು ಅಂತ ಕತ್ತರಿ ಹಾಕಿದ್ಲು. ಒಳಗೆ ಎರಡಿಂಚು ಬಟ್ಟೆನೂ ಬಿಟ್ಲು, ಇನ್ನೂ ದಪ್ಪ ಆದ್ರೆ ಇರಲಿ ಅಂತ.

ಗಾಜಿನ ಹತ್ರ ಒಂದು ಗಂಟೆ ಮುಂಚೆನೇ ನಿಂತಿದ್ಲು. ಬಂದ ಬಟಾಣಿ. ಅದೇ ದುಂಡು ಮುಖ. ಮುಖದ ಕೆಳಗೆ ಮಾತ್ರ, ಹ್ಯಾಂಗರಿಗೆ ಹಾಕಿದ ಷರ್ಟು.

ಸೊಂಟ ಇಪ್ಪತ್ತೆಂಟು, ಅಂತು ಅವಳ ಕಣ್ಣು. ಯಾರೂ ಕೇಳಿರಲಿಲ್ಲ. ಇವತ್ತೊಂದು ದಿನ ಸುಳ್ಳು ಹೇಳಬಾರದಾಗಿತ್ತಾ ಹಾಳು ಕಣ್ಣು!

ಇಬ್ಬರೂ ಫೋನ್ ಕಿವಿಗಿಟ್ಟರು.

"ಏನೋ, ಒಣ ಬಟಾಣಿ ಆಗಿದೀಯಲ್ಲೋ!"

"ಡಯಟ್ ಅಕ್ಕಾ."

"ಮುಖ ಬಿಟ್ಟು ಮೈಗೆ ಮಾತ್ರ ಡಯಟ್ಟಾ?"

ಅವನು ನಕ್ಕ. ನಗೋದಕ್ಕೂ ಕಂಬಿ ಹಿಡ್ಕೊಬೇಕಾಯ್ತು. "ಮುಖ ಊದಿರೋದು ಮಾತ್ರೆಗೆ ಕಣೇ. ಅಣ್ಣನ ಊರಲ್ಲಿ ದೊಡ್ಡ ಆಸ್ಪತ್ರೆ ಇದೆ. ನಿಂಗೆ ಹೇಳ್ಬೇಡ ಅಂತ ನಾನೇ ಅಂದಿದ್ದೆ."

ಟೇಪಕ್ಕ ಕಾವಲಿನವನ ಹತ್ರ ಓಡಿದ್ಲು. "ಅಣ್ಣಾ, ಈ ಕೋಟೊಂದು ಒಳಗೆ ಕೊಡಪ್ಪ."

"ಒಳಗಿನವರು ಹೊರಗೆ ಬರೋ ಹಾಗಿಲ್ಲ, ಹೊರಗಿನದು ಒಳಗೆ ಹೋಗೋ ಹಾಗಿಲ್ಲಮ್ಮ."

"ಕೋಟು ಕಣಪ್ಪ, ಬಾಂಬಲ್ಲ!"

"ನನ್ನ ಕೈಲಿ ಏನಿದೆ ಹೇಳಿ."

ವಾಪಸ್ ಬಂದು, ಫೋನನ್ನ ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸ್ಕೊಂಡು, ಕೋಟನ್ನ ಗಾಜಿನ ಮೇಲೆ ಹರಡಿ ಹಿಡಿದ್ಲು. ಅದರ ಹಿಂದೆ ಬಂದು ನಿಂತ ಬಟಾಣಿ ಕಾಣಿಸಲೇ ಇಲ್ಲ.

"ಅಕ್ಕಾ, ಇದ್ರೊಳಗೆ ಅಣ್ಣನೂ ನಾನೂ ಸಂಸಾರ ಹೂಡಬಹುದು!"

"ಒಳಗೆ ಹಿಡಿದು ಹೊಲೀತೀನಿ ಕಣೋ, ಅಳತೆ ಕೊಡು. ಅಂಚೇಲಿ ಕಳಿಸ್ತೀನಿ. ಕೈ ಎತ್ತು."

ಕೈ ಎತ್ತಿದ, ಸಣ್ಣವನಿದ್ದಾಗ ಎತ್ತುತ್ತಿದ್ದ ಹಾಗೇ. ಅವಳು ಟೇಪು ತೆಗೆದು ಗಾಜಿಗೆ ಒತ್ತಿದ್ಲು. ತಣ್ಣಗೆ ಕೊರೆಯೋ ಗಾಜು. ಎದೆ ಅಳತೆ ತಗೊಳ್ಳೋಕೆ ಟೇಪು ಸುತ್ತ ಹೋಗ್ಬೇಕಲ್ಲ, ಹೇಗೆ ಹೋಗುತ್ತೆ? ಎಷ್ಟು ಎಳೆದ್ರೂ ಮುಂದಿನರ್ಧ ಮಾತ್ರ.

ಒಳಗೆ ಮೈಕು ಏನೋ ಕೂಗ್ತು. ಬಟಾಣಿ ಕತ್ತೆತ್ತಿ ಕೇಳಿಸ್ಕೊಂಡ.

"ತಿರುಗೋ," ಅಂದ್ಲು ಅವಸರದಲ್ಲಿ, "ಬೆನ್ನಿನ ಅಳತೆ ಬೇಕು."

ತಿರುಗಿದ. ಒಂದು ಚಣ ನಿಂತ. ಮೈಕು ಮತ್ತೆ ಕೂಗ್ತು. ಫೋನ್ ಜೇಬಿಗೆ ಹಾಕ್ಕೊಂಡು ಹಾಗೇ ನಡೆದ, ಈ ಕಡೆ ಮುಖ ತೋರಿಸಲೇ ಇಲ್ಲ.

ಟೇಪಕ್ಕ ಟೇಪು ಇಳಿಸಲಿಲ್ಲ. ಬೆನ್ನು ಹದಿನಾಲ್ಕು, ಅಂತು ಕಣ್ಣು. ಹನ್ನೊಂದು. ಎಂಟು. ದೂರದ ಬಾಗಿಲ ಹತ್ರ ಮೂರು.